ಮೂರನೆಯ ಟ್ಯೂಬು

ನವೆಂಬರ್ 3, ಸೋಮವಾರ

ಕಡಬದ ಕುಟುಂಬದ ಜೀನೋಮ್ ದತ್ತಾಂಶ ಕೊನೆಗೂ ಬೆಂಗಳೂರಿನಿಂದ ಬಂತು. ಇಳಿಸಿಕೊಳ್ಳಲು ಬೆಳಿಗ್ಗೆ ಹಚ್ಚಿದ್ದು, ಮುಗಿಯುವಾಗ ಮಸೀದಿಯಲ್ಲಿ ಸಂಜೆಯ ಅಸರ್ ನಮಾಜಿನ ಬಾಂಗ್ ಆಗಿತ್ತು. ಪುತ್ತೂರಿನ ದರ್ಬೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಸಂಶೋಧನಾ ಕೇಂದ್ರ ಎಂದು ಕರೆಯುವ ಧೈರ್ಯ ಹರಿಣಾಕ್ಷಿ ಮೇಡಂ ಒಬ್ಬರಿಗೇ ಇರುವುದು. ಇರುವವರು ಅವರು, ನಾನು, ಮತ್ತೆ ಸುಳ್ಯದ ಹತ್ತಿರದ ಆಲೆಟ್ಟಿಯ ಕೀರ್ತನ್. ನಮ್ಮ ಕೆಲಸವೆಲ್ಲ ಮುಕ್ತ ತಂತ್ರಾಂಶಗಳಲ್ಲಿ, ಎಲ್ಲೆಲ್ಲಿಯೋ ಕುಳಿತವರು ಬರೆದು ಲೋಕಕ್ಕೆ ಬಿಟ್ಟವುಗಳಲ್ಲಿ. ನಾವೂ ಒಂದನ್ನು ಬರೆದು ಬಿಟ್ಟಿದ್ದೇವೆ, ಹೆಸರು ‘ಬಳ್ಳಿ’. ಒಂದು ಕುಟುಂಬದವರ ಜೀನೋಮ್‌ಗಳನ್ನು ಹೋಲಿಸಿ, ನಾವು ಬರೆದುಕೊಂಡ ಸಂಬಂಧಗಳು ಸರಿಯೋ ಎಂದು ಅದು ನೋಡುತ್ತದೆ. ಕನ್ನಡದಲ್ಲೇ ಉತ್ತರ ಹೇಳುತ್ತದೆ, ಅದು ನನ್ನ ಹಟ.

ದಿನಚರಿಯಲ್ಲೂ ರೋಗಿಗಳ ಹೆಸರು ಬರೆಯಬಾರದು ಎಂಬುದು ನನ್ನ ನಿಯಮ. ತಾಯಿ ಕ-1. ದೊಡ್ಡ ಮಗಳು ಕ-2. ಸಣ್ಣ ಮಗಳು ಕ-3.

ಕ-2ರ ಮಗ ಸ್ನಾಯುಗಳು ಸೋಲುವ ಕಾಯಿಲೆಯಲ್ಲಿ ಎರಡು ತುಂಬುವ ಮೊದಲೇ ತೀರಿಕೊಂಡ. ಯಾವ ಜೀನಿನ ದೋಷ ಎಂಬುದು ಈಗ ಗೊತ್ತಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ದೋಷದ ಎರಡೂ ಪ್ರತಿ ಸೇರಿದರೆ ಮಾತ್ರ ಕಾಯಿಲೆ. ಕ-2ಕ್ಕೆ ಆ ದೋಷ ಬಂದದ್ದು ಕ-1ರಿಂದ. ಕ-3ರ ಗಂಡ ಕ-2ರ ಗಂಡನ ತಮ್ಮ, ಅವನಲ್ಲೂ ದೋಷ ಇದೆ. ಕ-3 ಈಗ ಬಸುರಿ. ಅವಳಲ್ಲೂ ಇದ್ದರೆ ಮಗುವಿಗೆ ಅಪಾಯ. ಆಸ್ಪತ್ರೆಯವರು ಹೊಟ್ಟೆಗೆ ಸೂಜಿ ಹಾಕಿ ಪರೀಕ್ಷೆ ಮಾಡಲು ಇಪ್ಪತ್ತನೆಯ ತಾರೀಕು ಗುರುವಾರ ಗೊತ್ತು ಮಾಡಿದ್ದಾರೆ. ಸೂಜಿಯಿಂದ ಅಪರೂಪಕ್ಕೆ ಗರ್ಭ ಹೋಗುವುದುಂಟು. ಕ-3ಗೆ ಈಗಾಗಲೇ ಎರಡು ಸಲ ಹೋಗಿದೆ.

ಅವಳಲ್ಲಿ ದೋಷ ಇಲ್ಲ! ಸಂಜೆ ನೋಡಿದೆ, ಮತ್ತೆ ನೋಡಿದೆ. ಇಲ್ಲವೇ ಇಲ್ಲ. ಸೂಜಿ ಬೇಡ ಎಂದು ಪತ್ರ ಕೊಡಬಹುದು. ನಾಳೆ ‘ಬಳ್ಳಿ’ ಓಡಿಸುವುದೊಂದು ಬಾಕಿ, ಅದು ಬರೀ ಶಾಸ್ತ್ರಕ್ಕೆ.

ನವೆಂಬರ್ 4, ಮಂಗಳವಾರ

ಕೆಂಪು ಅಕ್ಷರ.

‘ಕ-1, ಕ-3: ತಾಯಿ ಮಗಳ ಸಂಬಂಧ ಇಲ್ಲ. ಮಾದರಿ ಅದಲುಬದಲಾಗಿದೆ.’

ಈ ವಾಕ್ಯ ಬರೆದದ್ದು ನಾನೇ. ಸ್ವಲ್ಪ ಮೆತ್ತಗೆ ಹೇಳೋಣ ಎಂದು ಕೀರ್ತನ್ ಆಗ ಗೋಗರೆದಿದ್ದ. ಯಂತ್ರ ತೊದಲಬಾರದು ಎಂದು ನಾನು ಒಪ್ಪಿರಲಿಲ್ಲ. ತಾಯಿ ಮಗಳು ಎಂದರೆ ಅರ್ಧಕ್ಕರ್ಧ ಹೊಂದಬೇಕು. ಚಿಕ್ಕಮ್ಮ ಆದರೂ ಕಾಲು ಭಾಗ ಸಿಗುತ್ತದೆ. ಇಲ್ಲಿ ಏನೂ ಇಲ್ಲ. ಅಕ್ಕ ಎನ್ನುವವಳ ಜೊತೆಗೂ ಇಲ್ಲ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಪಕ್ಕ ನಿಂತವರಿಗೆ ಎಷ್ಟು ಸಂಬಂಧವೋ ಅಷ್ಟೆ.

ಅಂದರೆ ಮೂರನೆಯ ಟ್ಯೂಬಿನಲ್ಲಿ ಇರುವುದು ಬೇರೆ ಯಾರದ್ದೋ ರಕ್ತ. ನಿನ್ನೆ ನಾನು ಕುಣಿದದ್ದು ಯಾವಳೋ ಗೊತ್ತಿಲ್ಲದವಳ ಅದೃಷ್ಟಕ್ಕೆ. ಪತ್ರ ಕೊಟ್ಟುಬಿಟ್ಟಿದ್ದರೆ? 

ಕಡಬದ ಶಿಬಿರದಲ್ಲಿ ರಕ್ತ ತೆಗೆಸಿ ತಂದವನು ಕೀರ್ತನ್.

ನವೆಂಬರ್ 5, ಬುಧವಾರ

ಕೇಳಿದೆ. ಮೆತ್ತಗೆ ಕೇಳಬೇಕೆಂದೇ ಹೊರಟದ್ದು, ಬಾಯಿ ಕೇಳಲಿಲ್ಲ.

"ಕಡಬದಲ್ಲಿ ನೀನು ಎಂತ ಮಾಡಿದ್ದು? ಟ್ಯೂಬು ಎಲ್ಲಿ ಇಟ್ಟಿದ್ದು?"

"ಎಲ್ಲಿಯೂ ಇಡುದಿಲ್ಲ ಶಿಫಾ, ನಿನಗೆ ಗೊತ್ತುಂಟಲ್ಲ. ನರ್ಸ್ ತೆಗೆದು ರಕ್ತ ಕೊಟ್ಟವರ ಕೈಗೇ ಕೊಡ್ತಾರೆ. ಹೆಸರಿನ ಚೀಟಿ ಅವರೇ ಅಂಟಿಸುದು. ‘ಇದು ನನ್ನದು’ ಅಂತ ಬಾಯಿಬಿಟ್ಟು ಹೇಳಿದ ಮೇಲೆಯೇ ನಾನು ಮುಟ್ಟುದು."

"ಎಲ್ಲರ ಹತ್ತಿರ ಹಾಗೆ ಹೇಳಿಸಿದ್ದಿಯಾ? ಊಟದ ಹೊತ್ತಿನಲ್ಲಿ?"

"ಎಲ್ಲರ ಹತ್ತಿರ."

"ಹಾಗಾದ್ರೆ ಯಂತ್ರ ಸುಳ್ಳು ಹೇಳುದಾ?"

 ಈ ಹೇಳಿಸುವ ಆಟ ಅವನೇ ಹುಟ್ಟುಹಾಕಿದ್ದು, ನನಗೆ ಮೊದಲಿನಿಂದಲೂ ನಗು. ಇಡೀ ದಿನದ ಶಿಬಿರದಲ್ಲಿ ಒಂದು ಗಳಿಗೆ ಕೈತಪ್ಪಿರುತ್ತದೆ. ಮನುಷ್ಯರಿಗೆ ಮರೆವು ಇದೆ, ಅದಕ್ಕೇ ತಾನೇ ‘ಬಳ್ಳಿ’ ಬರೆದದ್ದು.

ನವೆಂಬರ್ 6, ಗುರುವಾರ

ಮೇಡಂ ಎದುರು ಮೂವರೂ ಕುಳಿತೆವು. ನಾನು ಪರದೆಯ ಮೇಲೆ ಕೆಂಪು ಅಕ್ಷರ ತೋರಿಸಿದೆ. ಕೀರ್ತನ್ ಮತ್ತೆ ಅದೇ ಮಾತು ಹೇಳಿದ, ಈ ಸಲ ನೆಲ ನೋಡಿಕೊಂಡು. ಹೊಸದಾಗಿ ರಕ್ತ ತೆಗೆಸಿ ಕಳಿಸಿದರೆ ಉತ್ತರ ಬರಲು ಮೂರು ವಾರವಾದರೂ ಬೇಕು. ಆಸ್ಪತ್ರೆ ಅಲ್ಲಿಯವರೆಗೆ ಕಾಯುವ ಹಾಗಿಲ್ಲ.

"ಗೊತ್ತಾಗುವವರೆಗೆ ನೀನು ಮಾದರಿ ಮುಟ್ಟಬೇಡ ಕೀರ್ತನ್" ಎಂದರು ಮೇಡಂ. "ನಾಕು ದಿನ ಮನೆಗೆ ಹೋಗಿ ಬಾ. ಮುಂದಿನ ವರ್ಷಕ್ಕೆ ನಿನ್ನನ್ನು ಉಳಿಸಿಕೊಳ್ಳುದು ಹೇಗೆ ಅಂತ ನಾನೂ ನೋಡ್ಬೇಕಲ್ಲ."

ಅವನು ಚೀಲ ಹೆಗಲಿಗೆ ಹಾಕಿ ಸುಳ್ಯದ ಬಸ್ಸಿಗೆ ಹೋದ. ಅರ್ಧ ಕುಡಿದ ಚಹಾ ಮೇಜಿನ ಮೇಲೆಯೇ ಇತ್ತು. ಲೋಟ ತೊಳೆದಿಡುವ ಬುದ್ಧಿಯೂ ಇಲ್ಲ ಎಂದು ಸಿಟ್ಟು ಬಂತು. ಸಂಜೆಯವರೆಗೂ ಆ ಸಿಟ್ಟು ಹೋಗಲಿಲ್ಲ, ಒಂದು ಲೋಟಕ್ಕೆ ಅಷ್ಟು ಸಿಟ್ಟು ಯಾಕೋ.

ನವೆಂಬರ್ 9, ಭಾನುವಾರ

ಕುಂಬ್ರ, ಮನೆಯಲ್ಲಿ. ಊಟದ ಹೊತ್ತಿಗೆ ಪಕ್ಕದ ಮನೆಯ ಸಾಹುಲ್ ಹಮೀದ್ ಸೀದಾ ಅಡಿಗೆಕೋಣೆಗೇ ಬಂದ. ಅವನು ಬಂದರೆ ನಾನು ತಲೆಗೆ ಶಾಲು ಎಳೆಯುವುದಿಲ್ಲ, ಉಮ್ಮ ಎದ್ದು ಕೂರುವುದಿಲ್ಲ. ಹುಟ್ಟಿದ ಹೊಸತರಲ್ಲಿ ಅವನ ತಾಯಿಗೆ ಜ್ವರ ಹಿಡಿದು ಹಾಲು ಬತ್ತಿತ್ತಂತೆ. ಉಮ್ಮನೇ ಕುಡಿಸಿದ್ದು. ಆಮೇಲೆ ಅವನು ನನ್ನ ಹಾಲಿನ ಅಣ್ಣ, ನಮ್ಮಲ್ಲಿ ಅದು ಒಡಹುಟ್ಟಿದಂತೆಯೇ ಲೆಕ್ಕ. ನನ್ನ ಪಾಲಿನ ಮೀನನ್ನೂ ತಿಂದು, "ಯಾಕೆ ಮೋರೆ ಊದಿಸಿದ್ದಿ?" ಎಂದು ಕೇಳಿದ. ಕೆಲಸದ ತಲೆಬಿಸಿ ಎಂದೆ.

ಊಟದ ನಡುವೆ ಕ-3 ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಬಂತು. ಫೋನನ್ನು ಕವುಚಿ ಇಟ್ಟೆ.

"ಎತ್ತು ಮಾರಾಯ್ತಿ, ಪಾಪ ಯಾರೋ" ಎಂದರು ಉಮ್ಮ.

ಎತ್ತಿ ಏನು ಹೇಳಲಿ? ನಿನ್ನ ರಕ್ತ ಕಳೆದುಹೋಗಿದೆ ಎನ್ನಲೇ?

ನವೆಂಬರ್ 11, ಮಂಗಳವಾರ

ಮುಕ್ತ ತಂತ್ರಾಂಶದವರು ಸೇರುವ ಚರ್ಚಾಕಟ್ಟೆಯಲ್ಲಿ, ಊರು ಹೆಸರು ಏನೂ ಹೇಳದೆ, ಪ್ರಶ್ನೆ ಹಾಕಿದೆ. ತಾಯಿ ಮಗಳು ಹೊಂದುತ್ತಿಲ್ಲ, ಮಾದರಿಯಲ್ಲಿ ಬೆರಕೆ ಇಲ್ಲ, ಗುಣಮಟ್ಟ ಚೆನ್ನಾಗಿದೆ, ಎಲ್ಲಿ ತಪ್ಪಿರಬಹುದು?

ಸೆನೆಗಲ್ ದೇಶದ ಒಬ್ಬಳು ವಿದ್ಯಾರ್ಥಿನಿ, ‘ಬಳ್ಳಿ’ಯನ್ನು ಬಳಸುವ ಬೆರಳೆಣಿಕೆಯ ಜನರಲ್ಲಿ ಒಬ್ಬಳು, ಉತ್ತರ ಬರೆದಿದ್ದಳು. ಅದೇ ಶಿಬಿರದ ಬೇರೆ ಕುಟುಂಬಗಳನ್ನೆಲ್ಲ ಓಡಿಸಿ ನೋಡು, ಟ್ಯೂಬು ಅದಲುಬದಲಾಗಿದ್ದರೆ ಇನ್ನೊಂದು ಮನೆಯೂ ತಪ್ಪಬೇಕಲ್ಲ ಎಂದು. ಕೊನೆಗೆ ಒಂದು ಸಾಲು: ಅಂದ ಹಾಗೆ, ತಾಯಿಯನ್ನು ಕೇಳಿದೆಯಾ?

ತಾಯಿಯನ್ನು ಕೇಳುವುದಂತೆ. ಅಲ್ಲಿ ಕುಳಿತು ಹೇಳುವುದು ಸುಲಭ. ಇಲ್ಲಿ ಒಬ್ಬ ಹೆಂಗಸಿನ ಮುಖ ನೋಡಿ, ಇವಳು ನಿಮ್ಮ ಮಗಳು ಹೌದಾ ಎಂದು ಕೇಳಿದರೆ ಆ ಮಾತು ಕಡಬ ಪೇಟೆ ದಾಟಿ ಕುಂಬ್ರಕ್ಕೆ ನನಗಿಂತ ಮೊದಲು ಮುಟ್ಟುತ್ತದೆ. ಆ ಹುಡುಗಿಗೇ ಗೊತ್ತಿಲ್ಲದ ಸಂಗತಿ ಏನಾದರೂ ಇದ್ದರೆ? ಬಸುರಿಗೆ ನನ್ನ ಬಾಯಿಂದ ಅದು ಗೊತ್ತಾಗಬೇಕೆ? ಮೇಡಂ ಹತ್ತಿರ ಹೇಳಿದರೆ, "ನಿನ್ನ ಭಾಷೆಯವರು, ನೀನೇ ಯೋಚಿಸು" ಎಂದು ಕೈ ತೊಳೆದುಕೊಂಡರು.

ನವೆಂಬರ್ 13, ಗುರುವಾರ

ಶಿಬಿರದ ಎಲ್ಲ ಕುಟುಂಬಗಳನ್ನೂ ಓಡಿಸಿದೆ. ಎಲ್ಲವೂ ಸರಿ. ಒಂದೇ ಒಂದು ಸಂಬಂಧವೂ ತಪ್ಪಿಲ್ಲ. ಕ-3ರ, ಅಂದರೆ ರಸೀನಾಳ (ನಿಯಮ ಮುರಿದೆ, ಇರಲಿ) ಟ್ಯೂಬು ಇನ್ನೊಬ್ಬರದ್ದರ ಜೊತೆ ಬದಲಾಗಿದ್ದರೆ ಆ ಇನ್ನೊಬ್ಬರ ಮನೆಯೂ ಕೆಂಪಾಗಬೇಕಿತ್ತು. ಆಗಿಲ್ಲ.

ಹಾಗಾದರೆ ಟ್ಯೂಬು ಅವಳದ್ದೇ.

ಕೀರ್ತನ್‌ಗೆ ಫೋನ್ ಮಾಡಲು ಹೊರಟವಳು ನಿಲ್ಲಿಸಿದೆ. ಪೂರ್ತಿ ಗೊತ್ತಾಗಲಿ ಎಂದುಕೊಂಡೆ. ಅವನ ಲೋಟ ಕಿಟಕಿಯ ಬಳಿ ಇದೆ. ಅದನ್ನು ತೊಳೆದು ಇಟ್ಟದ್ದು ನಾನೇ ಇರಬೇಕು.

ಇನ್ನು ಕೇಳದೆ ದಾರಿ ಇಲ್ಲ. ಸೂಜಿಯ ಗುರುವಾರಕ್ಕೆ ಇನ್ನು ಒಂದೇ ವಾರ.

ನವೆಂಬರ್ 14, ಶುಕ್ರವಾರ

ಹೋಗಲಿಲ್ಲ. ಜುಮಾ ದಿನ, ಮನೆಯಲ್ಲಿ ನೆಂಟರು ಇರಬಹುದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಹೆದರಿಕೆ, ಮತ್ತೇನಲ್ಲ.

ನವೆಂಬರ್ 15, ಶನಿವಾರ

ಬೆಳಗ್ಗಿನ ಬಸ್ಸಿಗೆ ಕಡಬಕ್ಕೆ ಹೋದೆ. ಸವಣೂರು ದಾಟುವವರೆಗೂ ಹೇಗೆ ಕೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ. ಒಂದೂ ನಿಲ್ಲಲಿಲ್ಲ. ಅಲ್ಲಿ ಮಾತೆಲ್ಲ ನಮ್ಮ ಮನೆಮಾತು ಬ್ಯಾರಿಯಲ್ಲಿ ನಡೆದದ್ದು. ಒಂದನ್ನೂ ಮರೆಯಬಾರದೆಂದು ಇಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ.

ಬಾಗಿಲು ತೆಗೆದದ್ದು ರಸೀನಾ. ನನ್ನನ್ನು ನೋಡಿದ್ದೇ ಅವಳ ಕೈ ಹೊಟ್ಟೆಗೆ ಹೋಯಿತು.

"ಫೋನ್ ಎತ್ತಲಿಲ್ಲ ಅಂದ್ರೆ ಕೆಟ್ಟದ್ದೇ ಅಲ್ವಾ?" ಎಂದಳು. "ಸುಳ್ಳು ಹೇಳ್ಬೇಡ."

ಕೆಟ್ಟದ್ದು ಅಲ್ಲ, ಒಂದು ಸಂಶಯ ಅಷ್ಟೆ ಎಂದೆ. ರಕ್ತ ಕೊಟ್ಟ ದಿನ ಟ್ಯೂಬಿಗೆ ಚೀಟಿ ಅಂಟಿಸಿದ್ದು ಯಾರು ಎಂದು ಕೇಳಿದೆ.

"ನಾನೇ. ಆ ಸುಳ್ಯದ ಹುಡುಗ ಬಿಡ್ಲೇ ಇಲ್ಲ, ಜೋರಾಗಿ ಹೇಳಿ, ಇದು ನನ್ನದು ಅಂತ ಹೇಳಿ ಅಂತ. ನಮಗೆಲ್ಲ ನಗು. ಅಕ್ಕ ಆಫ್ರಾ ನಾಚಿಕೆಯಲ್ಲಿ ಮೆಲ್ಲ ಹೇಳಿದ್ದಕ್ಕೆ ಅವಳ ಹತ್ತಿರ ಪುನಃ ಹೇಳಿಸಿದ."

ತಲೆ ತಗ್ಗಿತು. ಅವರ ತಾಯಿ ನೆಬೀಸಮ್ಮ ಅಡಿಗೆಕೋಣೆಯಲ್ಲಿ ಅಕ್ಕಿ ಹಿಟ್ಟಿನ ಪತ್ತಿರಿ ತಟ್ಟುತ್ತಿದ್ದರು. ರಸೀನಾ ನೀರು ತರಲು ಹೋದಾಗ ನಾನು ಒಳಗೆ ಹೋಗಿ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತೆ.  ಸಿಟ್ಟು ಮಾಡ್ಬೇಡಿ, ಮಗುವಿಗೋಸ್ಕರ ಕೇಳುದು ಎಂದು ಸುತ್ತಿ ಬಳಸಿ, ಕೊನೆಗೆ ರಸೀನಾ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಾ ಎಂದು ಕೇಳಿಬಿಟ್ಟೆ.

ಅವರ ಕೈ ನಿಂತಿತು.  ಆಮೇಲೆ ಅವರು ನಗತೊಡಗಿದರು.

"ರಸೀ, ಇಲ್ಲಿ ಬಾ! ಈ ಹುಡುಗಿ ಎಂತ ಕೇಳ್ತಾಳೆ ನೋಡು!" ಎಂದು ಕೂಗಿದರು. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಇದನ್ನು ಕೇಳ್ಲಿಕ್ಕೆ ಪುತ್ತೂರಿಂದ ಬಂದದ್ದಾ? ಈ ಬೀದಿಯಲ್ಲಿ ಯಾರ ಹತ್ತಿರ ಕೇಳಿದ್ರೂ ಹೇಳ್ತಿದ್ರು. ರಸೀ ಪಕ್ಕದ ಮನೆ ಅದ್ರಾಮಾಕನ ಮಗಳು. ಇವಳನ್ನು ಹೆತ್ತ ದಿನವೇ ಇವಳ ಉಮ್ಮ ತೀರಿಹೋದಳು. ಆಗ ಆಫ್ರಾ ನನ್ನ ಎದೆಯಲ್ಲಿದ್ದಳು. ಒಂದು ಬದಿ ಅವಳಿಗೆ, ಒಂದು ಬದಿ ಇವಳಿಗೆ."

"ಆದ್ರೆ ಅವತ್ತು ಮನೆಯವರ ವಿವರ ಬರೆದುಕೊಳ್ಳುವಾಗ ನಾನು ಕೇಳಿದ್ದಕ್ಕೆ ಇಬ್ಬರು ಹೆಣ್ಣು ಮಕ್ಕಳು ಅಂದ್ರಿ" ಎಂದೆ.

"ಇಬ್ಬರೇ ಅಲ್ವಾ? ನೀನು ಮಕ್ಕಳೆಷ್ಟು ಅಂತ ಕೇಳಿದ್ದು. ನೀನು ಬ್ಯಾರಿ ಹುಡುಗಿ, ನಿನಗೆ ಬಿಡಿಸಿ ಹೇಳ್ಬೇಕಾ?"

ಬೇಕಿರಲಿಲ್ಲ. ನನ್ನ ಮೀನು ಕಿತ್ತುಕೊಂಡು ತಿನ್ನುವ ಹಾಲಿನ ಅಣ್ಣ ಮನೆಯಲ್ಲೇ ಇರುವಾಗ ನನಗೇ ಹೊಳೆಯಬೇಕಿತ್ತು. ಕೋಡು ಬರೆಯುವಾಗ ನಾನು ಯಾವ ಊರಿನವಳಾಗಿರುತ್ತೇನೋ ಏನೋ.

ರಸೀನಾ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ರಕ್ತ ಅವಳದ್ದೇ, ದೋಷ ಅವಳಲ್ಲಿ ಇಲ್ಲ, ಗಂಡನಲ್ಲಿ ಇದ್ದರೂ ಮಗುವಿಗೆ ಆ ಕಾಯಿಲೆ ಬರುವುದಿಲ್ಲ, ಗುರುವಾರ ಸೂಜಿ ಬೇಡ. ಅವಳು ಬಾಗಿಲ ಕಂಬ ಹಿಡಿದು ಕೆಳಗೆ ಕುಳಿತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ನಾನೂ ಅಳುತ್ತಿದ್ದೆ. ಆ ಖುಷಿಯಲ್ಲಿ ಬುದ್ಧಿಯಿಲ್ಲದೆ ಇನ್ನೊಂದು ಮಾತು ಸೇರಿಸಿದೆ, ಅದು ಹಾಲಿನಲ್ಲಿ ಬರುವುದಿಲ್ಲ, ರಕ್ತದಲ್ಲಿ ಮಾತ್ರ ಎಂದು.

ನೆಬೀಸಮ್ಮನ ನಗು ಹೋಯಿತು. ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಹಾಗಾದ್ರೆ ಆಫ್ರಾಗೆ ಬಂದದ್ದು ನನ್ನಿಂದವಾ?"

 ಹೌದು ಎಂದೆ. ನಿಮಗೂ ಯಾರಿಂದಲೋ ಬಂದದ್ದು, ತಪ್ಪು ಯಾರದ್ದೂ ಅಲ್ಲ ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ನಾನು ಹಾಲು ಕೊಟ್ಟವಳು ಪಾರಾದಳು" ಎಂದರು. "ನಾನು ಹೆತ್ತವಳ ಮಗು ಹೋಯ್ತು. ಸಾಬಿತ್ ಹೋಯ್ತು."

ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಆಫ್ರಾ ಯಾವಾಗ ಹಿತ್ತಿಲ ಬಾಗಿಲಿಗೆ ಬಂದಿದ್ದಳೋ ನಾನು ನೋಡಿರಲಿಲ್ಲ. ಸತ್ತ ಮಗುವಿನ ತಾಯಿ ಅವಳು. ಒಳಗೆ ಬಂದು ತಾಯಿಯ ಹಿಟ್ಟಿನ ಕೈ ಹಿಡಿದುಕೊಂಡಳು.

"ನನಗೆ ಹಾಲೂ ನೀನೇ ಕೊಟ್ಟದ್ದಲ್ವಾ ಉಮ್ಮ" ಎಂದಳು. "ಎರಡೂ ನೀನೇ ಕೊಟ್ಟದ್ದು. ಒಂದನ್ನೇ ಯಾಕೆ ಹೇಳ್ತಿ?"

ಒಲೆಯ ಮೇಲಿದ್ದ ಪತ್ತಿರಿ ಕರಟಿತು. ಯಾರೂ ಏಳಲಿಲ್ಲ, ಕೊನೆಗೆ ನಾನೇ ಎದ್ದು ತೆಗೆದೆ.

ನವೆಂಬರ್ 16, ಭಾನುವಾರ

ಬೆಳಿಗ್ಗೆಯೇ ಮೇಡಂಗೆ ಎಲ್ಲ ಹೇಳಿ ಪತ್ರ ಕಳಿಸಿಯಾಯಿತು. ಆಸ್ಪತ್ರೆಯ ಡಾಕ್ಟರು ಒಪ್ಪಿದರು. ಖಾತರಿಗಾಗಿ ಇನ್ನೊಮ್ಮೆ ರಕ್ತ ತೆಗೆಸಿ ಕಳಿಸುತ್ತೇವೆ, ಆದರೆ ಸೂಜಿ ಇಲ್ಲ.

ಕೀರ್ತನ್ ಫೋನ್ ಎತ್ತುವುದಿಲ್ಲ. ಮೂರನೆಯ ಸಲ ಅವನ ಅಮ್ಮ ಸೇವಂತಿಯವರು ಎತ್ತಿ, "ಅವ ತೋಟದ ಕಡೆ ಹೋಗಿದ್ದಾನೆ ಮಗಾ, ಬಂದ ಮೇಲೆ ಹೇಳ್ತೇನೆ" ಎಂದರು. ಫೋನ್ ಬಿಟ್ಟು ತೋಟಕ್ಕೆ ಹೋಗುವವನಲ್ಲ ಅವನು. ನಾನು ರಸೀನಾಳ ಫೋನು ಕವುಚಿಟ್ಟದ್ದು ನೆನಪಾಯಿತು.

ನವೆಂಬರ್ 18, ಮಂಗಳವಾರ

ಮೇಡಂ ಕೀರ್ತನ್ ಹತ್ತಿರ ಮಾತಾಡಿದ್ದಾರೆ. ಬರುತ್ತೇನೆ ಎಂದನಂತೆ, ಯಾವಾಗ ಎಂದು ಹೇಳಿಲ್ಲವಂತೆ.

ಸಂಜೆ ನೆಬೀಸಮ್ಮನ ಫೋನ್ ಬಂತು, ಮೊದಲ ಗಂಟೆಗೇ ಎತ್ತಿದೆ. ರಸೀನಾ ಉಣ್ಣುತ್ತಿದ್ದಾಳೆ, ನಿದ್ದೆ ಮಾಡುತ್ತಿದ್ದಾಳೆ ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ನಿನ್ನ ಕಂಪ್ಯೂಟರಿನಲ್ಲಿ ರಸೀ ನನ್ನ ಮಗಳು ಅಂತ ಉಂಟಲ್ಲ?"

"ಉಂಟು."

"ಇನ್ನು ಅದನ್ನು ಅಳಿಸುದಾ?"

ಇಲ್ಲ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ, ಹೇಗೆ ಎಂದು ಯೋಚಿಸುತ್ತಾ ಕುಳಿತೆ. ನಮ್ಮ ಕುಟುಂಬದ ಫೈಲಿನಲ್ಲಿ ಒಬ್ಬರ ಎದುರು ತಂದೆಗೆ ಒಂದು ಜಾಗ, ತಾಯಿಗೆ ಒಂದು ಜಾಗ. ಲೋಕದ ಎಲ್ಲರೂ ಹಾಗೇ ಬರೆಯುತ್ತಾರೆ, ನಾವೂ ಹಾಗೇ ಮಾಡಿದ್ದು.

ನವೆಂಬರ್ 19, ಬುಧವಾರ

ಇಡೀ ದಿನ ಕೋಡು. ‘ಬಳ್ಳಿ’ಯಲ್ಲಿ ಹೊಸ ಜಾಗ ಮಾಡಿದೆ: ‘ಹಾಲು ಕೊಟ್ಟ ತಾಯಿ’. ಅಲ್ಲಿ ಹೆಸರಿದ್ದರೆ ರಕ್ತ ಹೊಂದಲಿಲ್ಲ ಎಂದು ಅದು ಇನ್ನು ಕೂಗುವುದಿಲ್ಲ. ಕೆಂಪು ಅಕ್ಷರದ ವಾಕ್ಯವನ್ನೂ ತಿದ್ದಿದೆ: ‘ಸಂಬಂಧ ಹೊಂದುತ್ತಿಲ್ಲ. ಮಾದರಿ ಅದಲುಬದಲಾಗಿರಬಹುದು. ಇಲ್ಲವಾದರೆ ಮನೆಯವರಲ್ಲಿ ಕೇಳಿ.’

ಬದಲಾವಣೆ ಯಾಕೆ ಎಂದು ಎಲ್ಲರಿಗೂ ಕಾಣುವಂತೆ ಬರೆಯಬೇಕಲ್ಲ. ಮಾದರಿ ತಂದವನು ಸರಿ ಇದ್ದ, ನಾನು ಅವನನ್ನು ನಂಬಲಿಲ್ಲ, ತಪ್ಪು ನನ್ನದು ಎಂದು ಬರೆದೆ. ಅವನ ಹೆಸರನ್ನೂ ಹಾಕಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪದೆ ಒಳಗೆ ಸೇರಿಸುವ ಹಾಗಿಲ್ಲ ಎಂಬುದು ನಮ್ಮಿಬ್ಬರ ಕಟ್ಟಳೆ. ಒಪ್ಪಿಗೆಗೆ ಕೀರ್ತನ್‌ಗೆ ಕಳಿಸಿದೆ.

ನವೆಂಬರ್ 20, ಗುರುವಾರ

ಸೂಜಿಯ ದಿನ. ಹತ್ತು ಗಂಟೆಗೆ ರಸೀನಾ ಒಂದು ಫೋಟೋ ಕಳಿಸಿದಳು. ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಾಳೆ, ಆಫ್ರಾ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಳೆ.

ಸೆನೆಗಲ್ ಹುಡುಗಿ ನನ್ನ ಬದಲಾವಣೆ ಓದಿ, ನಮ್ಮಲ್ಲೂ ಇಂಥ ತಾಯಂದಿರಿದ್ದಾರೆ, ಬೇಗ ಒಳಗೆ ಸೇರಿಸಿ ಎಂದು ಬರೆದಿದ್ದಾಳೆ.

ಆಲೆಟ್ಟಿಯಿಂದ ಉತ್ತರ ಮಧ್ಯಾಹ್ನ ಬಂತು. ನನ್ನ ಕ್ಷಮೆಯ ಬಗ್ಗೆ ಒಂದಕ್ಷರ ಇಲ್ಲ. ಒಂದೇ ಒಂದು ತಿದ್ದುಪಡಿ ಇತ್ತು, ನನ್ನ ವಾಕ್ಯಗಳನ್ನು ಹಿಂದು ಮುಂದು ಮಾಡಿದ್ದ: ‘ಸಂಬಂಧ ಹೊಂದುತ್ತಿಲ್ಲ. ಮೊದಲು ಮನೆಯವರಲ್ಲಿ ಕೇಳಿ. ಮಾದರಿ ಅದಲುಬದಲಾಗಿದೆಯೋ ಎಂದು ಆಮೇಲೆ ನೋಡಿ.’ ಅದರ ಕೆಳಗೆ, ‘ಒಪ್ಪಿದೆ. ಸೋಮವಾರ ಬರುತ್ತೇನೆ. ಲೋಟ ಬಿಸಾಡಿಲ್ಲ ತಾನೇ?’

ಒಳಗೆ ಸೇರಿಸಿದೆ. ಕಡಬದ ಫೈಲಿನಲ್ಲಿ ರಸೀನಾಳ ಎದುರು ಇಬ್ಬರು ತಾಯಂದಿರನ್ನೂ ಬರೆದು ‘ಬಳ್ಳಿ’ಯನ್ನು ಓಡಿಸಿದೆ. ಕೆಂಪು ಎಲ್ಲಿಯೂ ಬರಲಿಲ್ಲ. ನೆಬೀಸಮ್ಮನ ಸಾಲಿನಲ್ಲಿ ಮಕ್ಕಳು ಎಂಬಲ್ಲಿ ಎರಡು ಎಂದೇ ಬಂತು.